ಕೊರಮೀನೂ ಸತ್ತಿತ್ತೇ?

ಪ್ರಶ್ನೆ: ನಮ್ಮದು ಕೋಲಾರ ತಾಲ್ಲೂಕಿನ ಒಂದು ಹಳ್ಳಿ. ಊರ ಕೆರೆಯನ್ನು ನಮ್ಮ ಮೀನುಗಾರರ ಸಹಕಾರ ಸಂಘ ಗುತ್ತಿಗೆಗೆ ಪಡೆದು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿಗಳನ್ನು ಬಿಟ್ಟಿತ್ತು. ಈ ಬೇಸಿಗೆಯ ಕೊನೆಗೆ ಏರಿಯ ಬುಡದಲ್ಲಿ ಎರಡು ಎಕರೆಯಷ್ಟು ನೀರು ಮಾತ್ರ ಉಳಿದಿತ್ತು, ಹೆಚ್ಚೆಂದರೆ ತೊಡೆಯುದ್ದ. ಜೂನ್‌ನಲ್ಲಿ ಒಂದು ಸಂಜೆ ಅರ್ಧ ಗಂಟೆ ಜೋರು ಮಳೆ ಬಂದು ಕಾಲುವೆಯಲ್ಲಿ ಕೆಂಪು ನೀರು ಹರಿಯಿತು. ಮರುದಿನ ಬೆಳಗ್ಗೆ ಆರಕ್ಕೆ ನಮ್ಮ ನೀರುಗಂಟಿ ಹೋದಾಗ ಕಾಲುವೆ ಸೇರುವ ಮೂಲೆಯಲ್ಲಿ ಮೀನು ತೇಲುತ್ತಿದ್ದವು. ಹತ್ತು ಗಂಟೆಯ ಹೊತ್ತಿಗೆ ಕೆರೆಯ ತುಂಬ ಸಾವು. ಮರುದಿನ ಸಂಜೆಯವರೆಗೂ ಸಾಯುತ್ತಲೇ ಇದ್ದವು. ಸಣ್ಣ ಪಕ್ಕೆ ಮೀನು, ದಡಕ್ಕೆ ಬಂದ ಏಡಿ, ಎರಡು ಕೊರಮೀನು ಕೂಡ ಸತ್ತಿದ್ದವು. ಮೇಲಿನ ಟೊಮೆಟೊ ತೋಟಕ್ಕೆ ಹಿಂದಿನ ಮಧ್ಯಾಹ್ನ ಔಷಧಿ ಹೊಡೆದಿದ್ದರು. ಕೇಳಿದರೆ 'ನೀಲಿ ತ್ರಿಕೋನದ್ದು, ಅಂಗಡಿಯವರೇ ಅಪಾಯವಿಲ್ಲ ಎಂದಿದ್ದಾರೆ' ಎನ್ನುತ್ತಾರೆ. ಊರಿನ ಹಿರಿಯರು ಇದೆಲ್ಲ ಮೇಲಿನ ಕೆರೆಯಿಂದ ಬರುವ ಕೆ.ಸಿ. ವ್ಯಾಲಿ ನೀರಿನ, ಅಂದರೆ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರಿನ ಪ್ರಭಾವ ಎನ್ನುತ್ತಾರೆ. ಆದರೆ ಮೇಲಿನ ಕೆರೆ ಫೆಬ್ರುವರಿಯಿಂದ ಕೋಡಿ ಬಿದ್ದಿಲ್ಲ. ಮಧ್ಯಾಹ್ನ ಯಾರೋ ಎರಡು ಮೂಟೆ ಸುಣ್ಣ ತಂದು ಸುರಿದರು. ಮೂರನೆಯ ದಿನ ತಂಪು ಪಾನೀಯದ ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆಗೆ ಕಳಿಸಿದೆವು. 'ಕೀಟನಾಶಕ ಪತ್ತೆಯಾಗಿಲ್ಲ' ಎಂದು ವರದಿ ಬಂತು. ಈಗ ತೋಟದವರು ನಮ್ಮ ಮೇಲೆಯೇ ತಿರುಗಿಬಿದ್ದಿದ್ದಾರೆ. ಹಾಗಾದರೆ ಅದು ವಿಷವೇ ಅಲ್ಲವೇ? ಸತ್ತ ಮೀನನ್ನು ಕೆಲವರು ಮನೆಗೆ ಒಯ್ದು ತಿಂದರು, ಅವರಿಗೆ ತೊಂದರೆ ಇದೆಯೇ? ಮತ್ತೆ ಮರಿ ಬಿಡುವುದು ಯಾವಾಗ?

ಉತ್ತರ: ನಿಮ್ಮ ಪತ್ರದಲ್ಲಿ ನಷ್ಟದ ಲೆಕ್ಕ ಹೇಳುತ್ತಾ ಕೊನೆಯಲ್ಲಿ 'ಎರಡು ಕೊರಮೀನು ಕೂಡ' ಎಂದು ಸೇರಿಸಿದ್ದೀರಿ. ಬೆಲೆಯ ಲೆಕ್ಕದಲ್ಲಿ ಅವು ಎರಡೇ ಮೀನು. ನನಗೆ ಮಾತ್ರ ಇಡೀ ಪತ್ರದಲ್ಲಿ ಅದಕ್ಕಿಂತ ಮುಖ್ಯವಾದ ಸಾಲು ಸಿಗಲಿಲ್ಲ. ಕೆರೆಯಲ್ಲಿ ಮೀನು ಸತ್ತಿವೆ ಎಂದು ಯಾರೇ ಫೋನ್ ಮಾಡಿದರೂ ನಾನು ಕೇಳುವ ಮೊದಲ ಪ್ರಶ್ನೆಯೇ ಅದು: ಕೊರಮೀನೂ ಸತ್ತಿದೆಯೇ?

ಕಾರಣ ಸರಳ. ಕಾಟ್ಲಾ, ರೋಹು, ಗೆಂಡೆಗಳು ಉಸಿರಾಟಕ್ಕೆ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೇ ನಂಬಿಕೊಂಡಿರುತ್ತವೆ. ಕೊರಮೀನು ಹಾಗಲ್ಲ, ಮೂತಿಯನ್ನು ಮೇಲೆತ್ತಿ ಗಾಳಿಯನ್ನೇ ಕುಡಿಯಬಲ್ಲದು. ಸಂತೆಯಲ್ಲಿ ಅಂಗೈಯಗಲ ನೀರಿರುವ ತೊಟ್ಟಿಯಲ್ಲಿ ದಿನವಿಡೀ ಅದು ಜೀವಂತವಾಗಿರುವುದನ್ನು ನೀವೇ ನೋಡಿದ್ದೀರಿ. ನೀರಿನಲ್ಲಿ ಆಮ್ಲಜನಕ ಮುಗಿದು ಉಳಿದ ಮೀನುಗಳೆಲ್ಲ ಸತ್ತರೂ ಕೊರಮೀನು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಅದೂ ಸತ್ತಿದ್ದರೆ ಉಸಿರುಗಟ್ಟಿದ್ದಷ್ಟೇ ಕಾರಣವಿರಲಾರದು, ನೀರಿನಲ್ಲಿ ಬೇರೆ ಏನೋ ಇತ್ತು ಎಂಬ ಅನುಮಾನ ಬಲವಾಗುತ್ತದೆ.

ಆದರೆ ಅನುಮಾನ ಬಲವಾದ ಮಾತ್ರಕ್ಕೆ ತೀರ್ಪು ಕೊಟ್ಟಂತಾಗಲಿಲ್ಲ. ನಾನು ನೋಡಿದ ಮೀನಿನ ಸಾಮೂಹಿಕ ಸಾವುಗಳಲ್ಲಿ ಊರವರು ವಿಷ ಎಂದು ಹೇಳಿ ಕರೆದುಕೊಂಡು ಹೋದ ಕಡೆಯೆಲ್ಲ ವಿಷವೇ ಸಿಕ್ಕಿದೆ ಎಂದೇನಿಲ್ಲ. ಅರ್ಧಕ್ಕಿಂತ ಹೆಚ್ಚು ಕಡೆ ಆಮ್ಲಜನಕದ ಕೊರತೆಯೇ ಕಾರಣವಾಗಿತ್ತು. ಹಾಗಾಗಿ ಅದನ್ನೇ ಮೊದಲು ನೋಡೋಣ, ಏಕೆಂದರೆ ನಿಮ್ಮ ಕೆರೆಯಲ್ಲಿ ಅದಕ್ಕೂ ಎಲ್ಲ ಅನುಕೂಲಗಳಿದ್ದವು.

ಬೇಸಿಗೆಯ ಕೊನೆಗೆ ನೀರು ಬತ್ತಿ ಎರಡು ಎಕರೆಗೆ ಇಳಿದಾಗ ಇಡೀ ಕೆರೆಯ ಮೀನು ಆ ಎರಡು ಎಕರೆಯಲ್ಲಿ ಕಿಕ್ಕಿರಿದಿರುತ್ತವೆ. ನೀರು ಬಿಸಿಯಾದಷ್ಟೂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕುಗ್ಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಕರಗುವ ಆಮ್ಲಜನಕ 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಗೆಂಡೆ ಜಾತಿಯ ಮೀನು ನೆಮ್ಮದಿಯಾಗಿರಲು 5 ಮಿಲಿಗ್ರಾಂ ಬೇಕು. 2ಕ್ಕಿಂತ ಕೆಳಗಿಳಿದರೆ ಬಾಯಿ ತೆರೆದು ಮೇಲಕ್ಕೆ ಬರುತ್ತವೆ. ಹಸಿರು ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ತಾನೇ ಬಳಸಿಕೊಳ್ಳುತ್ತದೆ. ಆದ್ದರಿಂದ ಕೆರೆಗೆ ಅತಿ ಕಷ್ಟದ ಗಳಿಗೆ ಎಂದರೆ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ಇದರ ಮೇಲೆ ಮೊದಲ ಮಳೆ ಬೇರೆ. ಬೇಸಿಗೆಯಿಡೀ ಕೆರೆಯಂಗಳದಲ್ಲಿ ಬಿದ್ದ ಸಗಣಿ, ತರಗೆಲೆ, ಜಾಲಿಯ ಕಾಯಿ ಎಲ್ಲವೂ ಒಮ್ಮೆಲೇ ಕೊಚ್ಚಿಕೊಂಡು ಬರುತ್ತದೆ. ತಳದ ಕಪ್ಪು ಹೂಳು ಕದಡುತ್ತದೆ. ಅವುಗಳನ್ನು ಕೊಳೆಸಲು ಹೊರಟ ಸೂಕ್ಷ್ಮಜೀವಿಗಳು ಮೀನಿನ ಪಾಲಿನ ಆಮ್ಲಜನಕವನ್ನೂ ತಿಂದು ಮುಗಿಸುತ್ತವೆ.

ಹೀಗೆ ಸಾಯುವ ಮೀನಿನ ಸಾವಿಗೆ ಒಂದು ಕ್ರಮವಿದೆ. ಬೆಳಗಿನ ಜಾವ ಶುರುವಾಗುತ್ತದೆ, ಬಿಸಿಲೇರಿ ಪಾಚಿ ಕೆಲಸ ಆರಂಭಿಸಿದ ಮೇಲೆ ನಿಲ್ಲುತ್ತದೆ. ದೊಡ್ಡ ಮೀನು ಮೊದಲು ಹೋಗುತ್ತವೆ, ಸಣ್ಣವು ನೀರಿನ ಮೇಲ್ಪದರದ ತೆಳುವಾದ ಆಮ್ಲಜನಕದಲ್ಲಿ ಹೇಗೋ ಬದುಕುತ್ತವೆ. ಸತ್ತ ಮೀನಿನ ಬಾಯಿ ತೆರೆದಿರುತ್ತದೆ, ಕಿವಿರಿನ ಮುಚ್ಚಳ ಅಗಲವಾಗಿರುತ್ತದೆ. ಹೊಸ ನೀರು ಬರುವ ಕಡೆಗೆ ಮೀನು ಓಡುತ್ತವೆಯೇ ಹೊರತು ಅಲ್ಲಿಂದ ದೂರ ಹೋಗುವುದಿಲ್ಲ.

ನಿಮ್ಮ ಕೆರೆಯಲ್ಲಿ ಆದದ್ದನ್ನು ಇದರ ಪಕ್ಕದಲ್ಲಿಡಿ. ಸಾವು ಬೆಳಗ್ಗೆ ಶುರುವಾದದ್ದು ನಿಜ, ಆದರೆ ಬಿಸಿಲೇರಿದರೂ ನಿಲ್ಲಲಿಲ್ಲ. ಮಧ್ಯಾಹ್ನ, ರಾತ್ರಿ, ಮರುದಿನ ಸಂಜೆಯವರೆಗೂ ನಡೆಯಿತು. ಸಣ್ಣ ಪಕ್ಕೆಗಳೂ ಸತ್ತವು. ಆರಂಭವಾದದ್ದು ಕಾಲುವೆಯ ಹೊಸ ನೀರು ಸೇರುವ ಮೂಲೆಯಲ್ಲಿ. ಏಡಿಗಳು ದಡಕ್ಕೆ ಬಂದು ಸತ್ತವು. ಆಮ್ಲಜನಕ ಕಡಿಮೆಯಾದರೂ ಏಡಿ ದಡ ಹತ್ತುತ್ತದೆ, ಆದರೆ ದಡ ಹತ್ತಿದ ಏಡಿ ಬದುಕಿಕೊಳ್ಳುತ್ತದೆ. ಕೀಟವನ್ನು ಕೊಲ್ಲಲೆಂದು ಮಾಡಿದ ವಿಷಕ್ಕೆ ಮಾತ್ರ ಏಡಿ, ಸಿಗಡಿ, ನೀರಿನ ಹುಳುಗಳು ಮೀನಿಗಿಂತಲೂ ಬೇಗ ಸಾಯುತ್ತವೆ, ಅವು ಕೀಟದ ಹತ್ತಿರದ ನೆಂಟರು. ಜೊತೆಗೆ ಆ ಎರಡು ಕೊರಮೀನು. ಇವೆಲ್ಲವನ್ನೂ ಸೇರಿಸಿ ನೋಡಿದರೆ ನನ್ನ ಅಭಿಪ್ರಾಯ ಇದು: ಮಳೆನೀರಿನ ಜೊತೆ ಕೀಟನಾಶಕ ಬಂದಿರುವ ಸಾಧ್ಯತೆಯೇ ಹೆಚ್ಚು. ಆಗಲೇ ಆಮ್ಲಜನಕವಿಲ್ಲದೆ ಏದುಸಿರು ಬಿಡುತ್ತಿದ್ದ ಮೀನುಗಳಿಗೆ ಅದು ಹೆಚ್ಚು ಬೇಗ ತಟ್ಟಿರಬೇಕು. ಕಿವಿರನ್ನು ಬಿರುಸಾಗಿ ಆಡಿಸುವ ಮೀನು ನೀರನ್ನೂ ಹೆಚ್ಚು ಎಳೆದುಕೊಳ್ಳುತ್ತದೆ, ನೀರಿನಲ್ಲಿರುವ ವಿಷವನ್ನೂ.

ಇನ್ನು ಆ ನೀಲಿ ತ್ರಿಕೋನ. ಈ ಒಂದು ತಪ್ಪು ತಿಳಿವಳಿಕೆಯಿಂದ ಆಗಿರುವ ಹಾನಿ ಅಷ್ಟಿಷ್ಟಲ್ಲ. ಕೀಟನಾಶಕದ ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳನ್ನು ನಿರ್ಧರಿಸುವುದು ಇಲಿಗಳ ಮೇಲಿನ ಪರೀಕ್ಷೆಯಿಂದ. ದೇಹದ ತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂ ಒಳಗೆ ಬಾಯಿಯಿಂದ ಕೊಟ್ಟಾಗ ಅರ್ಧದಷ್ಟು ಇಲಿ ಸತ್ತರೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದಕ್ಕೂ ಮೇಲೆ ಹಸಿರು. ಸಿಂಪಡಿಸುವ ಮನುಷ್ಯನಿಗೆ ಎಷ್ಟು ಅಪಾಯ ಎಂದು ಹೇಳಲು ಮಾಡಿದ ಗುರುತು ಅದು. ಮೀನಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಅಂಗಡಿಯವರು ಸುಳ್ಳು ಹೇಳಲಿಲ್ಲ, ತೋಟದವರೂ ಸುಳ್ಳು ಹೇಳುತ್ತಿಲ್ಲ. ಪ್ರಶ್ನೆ ಒಂದು, ಉತ್ತರ ಇನ್ನೊಂದಕ್ಕೆ ಅಷ್ಟೇ.

ಔಷಧಿಯ ಹೆಸರನ್ನು ನೀವು ಬರೆದಿಲ್ಲ. ಟೊಮೆಟೊಗೆ ಸಾಮಾನ್ಯವಾಗಿ ಹೊಡೆಯುವ ಪೈರೆಥ್ರಾಯ್ಡ್ ಗುಂಪನ್ನು ಉದಾಹರಣೆಗೆ ತೆಗೆದುಕೊಳ್ಳೋಣ: ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಾಲೋಥ್ರಿನ್, ಡೆಲ್ಟಾಮೆಥ್ರಿನ್. ನಮ್ಮ ಯಕೃತ್ತು ಇವುಗಳನ್ನು ಬೇಗ ಒಡೆದು ಹೊರಹಾಕುತ್ತದೆ. ಮೀನಿನ ದೇಹಕ್ಕೆ ಆ ಚುರುಕಿಲ್ಲ. ಮೇಲಾಗಿ ವಿಷ ಹೊಟ್ಟೆಯ ದಾರಿಯಲ್ಲಿ ಬರುವುದಿಲ್ಲ, ಕಿವಿರಿನ ತೆಳುಪೊರೆಯ ಮೂಲಕ ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ನರಗಳಲ್ಲಿ ಸೋಡಿಯಂ ಒಳಹೋಗುವ ಬಾಗಿಲುಗಳನ್ನು ಮುಚ್ಚಲು ಬಿಡುವುದಿಲ್ಲ. ಮೀನು ನಡುಗುತ್ತದೆ, ಸುಳಿ ಸುತ್ತುತ್ತದೆ, ಸಮತೋಲನ ತಪ್ಪಿ ಪಕ್ಕಕ್ಕೆ ಮಗುಚುತ್ತದೆ. ಲೀಟರು ನೀರಿನಲ್ಲಿ ಕೆಲವೇ ಮೈಕ್ರೋಗ್ರಾಂ ಇದ್ದರೆ ಗೆಂಡೆ ಜಾತಿಯ ಮೀನು ನಾಲ್ಕು ದಿನದೊಳಗೆ ಸಾಯುವುದನ್ನು ಪ್ರಯೋಗಾಲಯಗಳಲ್ಲಿ ಬೇಕಾದಷ್ಟು ಸಲ ನೋಡಲಾಗಿದೆ. ಒಂದು ಗ್ರಾಂ ಅನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ.

ಲೆಕ್ಕ ಹಾಕಿ ನೋಡಿ. ಎರಡು ಎಕರೆ, ಸರಾಸರಿ ಎರಡು ಅಡಿ ನೀರು ಎಂದರೆ ಸುಮಾರು 50 ಲಕ್ಷ ಲೀಟರ್. ಶೇ 10ರ ಸೈಪರ್‌ಮೆಥ್ರಿನ್ 100 ಮಿಲಿ ಬಾಟಲಿಯಲ್ಲಿ ಸುಮಾರು 10 ಗ್ರಾಂ ವಿಷವಿರುತ್ತದೆ. ಅದಿಷ್ಟೂ ಕೆರೆಗೆ ಬಂದು ಸಮನಾಗಿ ಬೆರೆತರೆ ಲೀಟರಿಗೆ 2 ಮೈಕ್ರೋಗ್ರಾಂ. ಅಂದರೆ ಅಂಗೈಯಲ್ಲಿ ಹಿಡಿಯುವ ಒಂದು ಬಾಟಲಿ. ವಾಸ್ತವದಲ್ಲಿ ಬಹುಪಾಲು ಮಣ್ಣಿಗೆ, ಹೂಳಿಗೆ ಅಂಟಿಕೊಂಡು ಮೀನಿನ ಕೈಗೆ ಸಿಗುವುದಿಲ್ಲ, ಇಲ್ಲದಿದ್ದರೆ ನಮ್ಮ ಸೀಮೆಯ ಒಂದು ಕೆರೆಯಲ್ಲೂ ಮೀನು ಉಳಿಯುತ್ತಿರಲಿಲ್ಲ. ಕೆರೆ ತುಂಬಿದ್ದಾಗ ಇದೇ ಬಾಟಲಿ ಏನೂ ಮಾಡದೆ ಕರಗಿಹೋಗುತ್ತಿತ್ತು. ಹೋದ ವರ್ಷವೂ ಇದೇ ಔಷಧಿ ಹೊಡೆದಿದ್ದೆವು, ಆಗ ಏಕೆ ಸಾಯಲಿಲ್ಲ ಎಂದು ತೋಟದವರು ಕೇಳಿದರೆ ಉತ್ತರ ಇಷ್ಟೇ.

ರೇಷ್ಮೆ ಬೆಳೆಯುವ ಮನೆಯವರಿಗಾದರೆ ಇದನ್ನು ಇಷ್ಟು ವಿವರಿಸಬೇಕಿರಲಿಲ್ಲ. ಪಕ್ಕದ ತೋಟದಲ್ಲಿ ಔಷಧಿ ಹೊಡೆದ ವಾಸನೆ ಬಂದರೆ ಸಾಕು, ಆ ಬದಿಯ ಹಿಪ್ಪುನೇರಳೆ ಸೊಪ್ಪನ್ನು ಹುಳುವಿಗೆ ಹಾಕುವುದಿಲ್ಲ. ಅದಕ್ಕಾಗಿ ಯಾರೂ ತ್ರಿಕೋನದ ಬಣ್ಣ ನೋಡುವುದಿಲ್ಲ. ಕೆರೆಯ ಮೀನೂ ಆ ಹುಳುವಿನಷ್ಟೇ ನಾಜೂಕು ಎಂದು ತಿಳಿದರೆ ಅರ್ಧ ಜಗಳ ತಾನಾಗಿ ತಣ್ಣಗಾಗುತ್ತದೆ.

ಎಲ್ಲ ಔಷಧಿಗಳೂ ಒಂದೇ ಅಲ್ಲ ಎನ್ನುವುದನ್ನೂ ಹೇಳಬೇಕು. ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್‌ನಂಥ ಆರ್ಗನೋಫಾಸ್ಫೇಟ್‌ಗಳು ನರದಿಂದ ಸ್ನಾಯುವಿಗೆ ಸಂದೇಶ ತಲುಪಿದ ಮೇಲೆ ಅದನ್ನು ಅಳಿಸುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಅವುಗಳಿಂದ ಸತ್ತ ಮೀನಿನ ಎದೆಯ ರೆಕ್ಕೆಗಳು ಮುಂದಕ್ಕೆ ಸೆಟೆದು ನಿಂತಿರುವುದುಂಟು. ಇಮಿಡಾಕ್ಲೋಪ್ರಿಡ್‌ನಂಥವು ಮೀನನ್ನು ನೇರವಾಗಿ ಕೊಲ್ಲುವುದು ಕಡಿಮೆ, ಆದರೆ ಮರಿಮೀನು ತಿಂದು ಬದುಕುವ ನೀರಿನ ಹುಳುಗಳನ್ನು ಖಾಲಿ ಮಾಡುತ್ತವೆ. ಕಾಲುವೆ ಬದಿಯ ಕಳೆಗೆ ಹೊಡೆಯುವ ಕಳೆನಾಶಕದ್ದು ಇನ್ನೊಂದು ಬಗೆ: ಸತ್ತ ಜೊಂಡು ನೀರಿನಲ್ಲಿ ಕೊಳೆತು ಆಮ್ಲಜನಕವನ್ನು ನುಂಗುತ್ತದೆ, ಮೀನು ಹದಿನೈದು ದಿನ ಬಿಟ್ಟು ಸಾಯುತ್ತದೆ, ಆಗ ಕಳೆನಾಶಕವನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಬೇವಿನ ಉತ್ಪನ್ನ ಎಂದರೆ ಕಣ್ಣುಮುಚ್ಚಿ ಸುರಿಯಬಹುದು ಎನ್ನುವವರಿದ್ದಾರೆ. ಸಿಂಪಡಣೆಯ ಪ್ರಮಾಣದಲ್ಲಿ ಅದು ಎಷ್ಟೋ ಮೇಲು ನಿಜ, ಆದರೆ ಗಟ್ಟಿ ದ್ರಾವಣವನ್ನೇ ನೀರಿಗೆ ಚೆಲ್ಲಿದರೆ ಮೀನಿಗೆ ಬೇವೂ ವಿಷವೇ.

ಈಗ ಹಿರಿಯರ ಮಾತಿಗೆ ಬರುತ್ತೇನೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ (ಕೆ.ಸಿ. ವ್ಯಾಲಿ) ಸಂಸ್ಕರಿಸಿದ ತ್ಯಾಜ್ಯನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ ಕೋಲಾರದಲ್ಲಿ ಎರಡು ಪಂಗಡಗಳಿವೆ. ಒಂದು, ಬತ್ತಿದ ಕೊಳವೆಬಾವಿಗೆ ಜೀವ ಬಂತು ಎನ್ನುವವರದು. ಇನ್ನೊಂದು, ಊರಿಗೆ ಏನೇ ಕೆಟ್ಟದ್ದಾದರೂ ಆ ನೀರನ್ನೇ ದೂರುವವರದು. ನಾನು ಎರಡರಲ್ಲೂ ಇಲ್ಲ. ಅದು ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರು, ಸಾರಜನಕ ಮತ್ತು ರಂಜಕ ಅದರಲ್ಲಿ ಉಳಿದಿರುತ್ತವೆ. ಅವು ಪಾಚಿಗೆ ಗೊಬ್ಬರ. ಪಾಚಿ ಹೆಚ್ಚಾದ ಕೆರೆಯಲ್ಲಿ ಬೆಳಗಿನ ಜಾವದ ಆಮ್ಲಜನಕದ ಕುಸಿತವೂ ಹೆಚ್ಚು. ಈ ಮಟ್ಟಿಗೆ ಹಿರಿಯರ ಮಾತಿನಲ್ಲಿ ಹುರುಳಿದೆ. ಆದರೆ ಫೆಬ್ರುವರಿಯಿಂದ ಮೇಲಿನ ಕೆರೆ ಕೋಡಿ ಬಿದ್ದಿಲ್ಲ ಎಂದು ನೀವೇ ಬರೆದಿದ್ದೀರಿ. ನಾಲ್ಕು ತಿಂಗಳ ಹಿಂದೆ ಬಂದ ನೀರು ಜೂನ್‌ನ ಒಂದೇ ರಾತ್ರಿಯಲ್ಲಿ ಏಡಿಯನ್ನೂ ಕೊರಮೀನನ್ನೂ ಕೊಲ್ಲುವುದಿಲ್ಲ. ಆ ನೀರು ಕೆರೆಯನ್ನು ದುರ್ಬಲ ಮಾಡಿರಬಹುದು, ಅಂದಿನ ಸಾವು ಅದರ ಲೆಕ್ಕಕ್ಕೆ ಬರುವುದಿಲ್ಲ.

ಸುಣ್ಣದ ಬಗ್ಗೆ ನಿಷ್ಠುರವಾಗಿಯೇ ಹೇಳುತ್ತೇನೆ. ಮೀನು ಸಾಯುತ್ತಿರುವಾಗ ಸುಣ್ಣ ಸುರಿಯುವುದು ನಮ್ಮಲ್ಲಿ ಒಂದು ಅಭ್ಯಾಸವಾಗಿಬಿಟ್ಟಿದೆ. ಕೊಳೆಯುತ್ತಿರುವ ಮೀನು, ಕೊಚ್ಚೆ, ಸಗಣಿ ಎಲ್ಲವೂ ನೀರಿಗೆ ಅಮೋನಿಯಾ ಬಿಡುತ್ತವೆ. ನೀರಿನ ಕ್ಷಾರತೆಯ ಅಳತೆ, ಅಂದರೆ ಪಿಎಚ್, 7 ಇದ್ದಾಗ ಆ ಅಮೋನಿಯಾದಲ್ಲಿ ಶೇ 1ಕ್ಕಿಂತ ಕಡಿಮೆ ಭಾಗ ಮಾತ್ರ ಮೀನಿಗೆ ವಿಷವಾಗುವ ರೂಪದಲ್ಲಿರುತ್ತದೆ. ಪಿಎಚ್ 9 ಆದರೆ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು. ಸುಣ್ಣ ಪಿಎಚ್ ಏರಿಸುತ್ತದೆ. ಪಾಚಿಯಿರುವ ಕೆರೆಯಲ್ಲಿ ಮಧ್ಯಾಹ್ನದ ಪಿಎಚ್ ಮೊದಲೇ ಮೇಲಿರುತ್ತದೆ. ನಿಮ್ಮ ಕೆರೆಯಲ್ಲಿ ಎರಡನೆಯ ದಿನ ಸತ್ತವುಗಳಲ್ಲಿ ಕೆಲವು ಸುಣ್ಣದ ಪಾಲಿಗೂ ಸೇರಿರಬಹುದು. ಸುರಿದವರು ಒಳ್ಳೆಯ ಮನಸ್ಸಿನಿಂದಲೇ ಸುರಿದಿದ್ದಾರೆ, ಅವರನ್ನು ಬೈಯಬೇಡಿ, ಆದರೆ ಇನ್ನೊಮ್ಮೆ ಸುರಿಯಲು ಬಿಡಬೇಡಿ. ಅಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಎರಡೇ ಕೆಲಸ. ಕೊಳವೆಬಾವಿಯ ನೀರು ಸಿಗುವುದಾದರೆ ಎತ್ತರದಿಂದ ಚಿಮ್ಮಿಸಿ ಬಿಡುವುದು, ಸತ್ತ ಮೀನನ್ನು ಕೂಡಲೇ ತೆಗೆದು ಹೂಳುವುದು.

ಇನ್ನು ವರದಿ. 'ಪತ್ತೆಯಾಗಿಲ್ಲ' ಎಂದರೆ 'ಇರಲಿಲ್ಲ' ಎಂದು ಅರ್ಥವಲ್ಲ. ನೀವು ನೀರು ಹಿಡಿದದ್ದು ಮೂರನೆಯ ದಿನ. ಪೈರೆಥ್ರಾಯ್ಡ್‌ಗೆ ನೀರೆಂದರೆ ಆಗದು, ಸಿಕ್ಕ ಮಣ್ಣಿನ ಕಣಕ್ಕೆ, ಪಾಚಿಗೆ ಅಂಟಿಕೊಂಡು ತಳಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ ಬಾಟಲಿಯ ಒಳಗೋಡೆಗೂ ಅಂಟಿಕೊಳ್ಳುತ್ತದೆ. ಆರ್ಗನೋಫಾಸ್ಫೇಟ್ ಆಗಿದ್ದರೆ ಕ್ಷಾರದ ನೀರಿನಲ್ಲಿ ಬೇಗ ಒಡೆದುಹೋಗುತ್ತದೆ, ನಿಮ್ಮ ಸುಣ್ಣ ಆ ಸಾಕ್ಷಿಯನ್ನೂ ತೊಳೆದುಹಾಕಿರುತ್ತದೆ. ಪ್ರಯೋಗಾಲಯ ಯಾವ ಯಾವ ರಾಸಾಯನಿಕಗಳನ್ನು ಹುಡುಕಿತು, ಎಷ್ಟು ಕಡಿಮೆ ಪ್ರಮಾಣದವರೆಗೆ ಅದು ಕಾಣಬಲ್ಲದು ಎನ್ನುವುದೂ ವರದಿಯಲ್ಲಿ ಇರಬೇಕು, ತೆಗೆದು ನೋಡಿ. ಅಳತೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಎಂದಿದ್ದರೆ 2 ಮೈಕ್ರೋಗ್ರಾಂ ಇದ್ದ ನೀರು ಅದರ ಕಣ್ಣಿಗೆ ಶುದ್ಧ ನೀರೇ. ಇನ್ನೊಂದು ಸಂಗತಿ ಕೇಳಿದರೆ ಅನೇಕರು ನಂಬುವುದಿಲ್ಲ: ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕ್ಲೋರ್‌ಪೈರಿಫಾಸ್‌ಗೆ ಲೀಟರಿಗೆ 30 ಮೈಕ್ರೋಗ್ರಾಂವರೆಗೆ ಅವಕಾಶವಿದೆ. ಅದರ ಹತ್ತನೇ ಒಂದು ಭಾಗಕ್ಕೇ ಸಾಯುವ ಮೀನಿನ ಜಾತಿಗಳಿವೆ. ಗೆಂಡೆಗಳು ಅಷ್ಟು ಸೂಕ್ಷ್ಮವಲ್ಲ, ಆದರೂ ಮನುಷ್ಯನಿಗೆ ಸರಿಹೋಗುವ ನೀರು ಮೀನಿಗೂ ಸರಿ ಎನ್ನುವ ವಾದ ನಿಲ್ಲುವುದಿಲ್ಲ.

ಹಾಗೆಂದು ಆ ವರದಿಯನ್ನು ಬದಿಗೆ ಸರಿಸಿ 'ವಿಷವೇ' ಎಂದು ಕೂಗಾಡಲೂ ನಿಮಗೆ ಆಧಾರವಿಲ್ಲ. ಮೊದಲ ಅನುಮಾನ ಎಷ್ಟು ಸಹಜವಾಗಿ ಕಂಡರೂ ತಪ್ಪಾಗಬಹುದು ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಹಳೆಯ ಉದಾಹರಣೆಯಿದೆ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಜನರ ಕೀಲುಗಳು ನೋಯುತ್ತಾ ನಡಿಗೆಯೇ ಕಷ್ಟವಾಗುವ ಕಾಯಿಲೆ ಕಾಣಿಸಿಕೊಂಡಾಗ, ಕೀಟನಾಶಕ ಬಿದ್ದ ಗದ್ದೆಯ ಏಡಿ, ಮೀನು ತಿಂದದ್ದೇ ಕಾರಣ ಎಂಬ ಅನುಮಾನ ಮೊದಲು ಹುಟ್ಟಿತ್ತು. ಮುಂದಿನ ಅಧ್ಯಯನಗಳು ಅದು ವಂಶಪಾರಂಪರ್ಯವಾಗಿ ಬರುವ ಮೂಳೆ-ಕೀಲಿನ ಕಾಯಿಲೆ ಎಂದು ತೋರಿಸಿದವು.

ಅದಕ್ಕೇ ನಿಮ್ಮನ್ನೂ ಒಂದು ಮಾತು ಕೇಳಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ. ಮೀನಿನ ಮೈಗೆ ಹೇನು ಹತ್ತಿದೆ ಎಂದು ಸಂಘದ ಯಾರಾದರೂ ಇತ್ತೀಚೆಗೆ ಔಷಧಿ ಹಾಕಿಸಿದ್ದರೇ? ಮೀನಿನ ಹೇನಿಗೆ ಬಳಸುವ ದ್ರಾವಣಗಳಲ್ಲಿ ಹಲವು ಇದೇ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಗುಂಪಿನವು. ತುಂಬಿದ ಕೆರೆಗೆ ಹೇಳಿದ ಪ್ರಮಾಣವನ್ನು ಬತ್ತಿದ ಕೆರೆಗೆ ಸುರಿದು ಕೈಸುಟ್ಟುಕೊಂಡ ಸಂಘಗಳನ್ನು ನಾನು ಕಂಡಿದ್ದೇನೆ. ರಾತ್ರಿ ಹೊತ್ತು ವಿಷ ಹಾಕಿ ಮೀನು ಕದಿಯುವವರೂ ಇರುತ್ತಾರೆ. ಅದು 1897ರ ಮೀನುಗಾರಿಕಾ ಕಾಯ್ದೆಯ ಕಾಲದಿಂದಲೂ ಅಪರಾಧ. ನಿಮ್ಮ ಕೆರೆಯಲ್ಲಿ ಸಾವು ಕಾಲುವೆಯ ಮೂಲೆಯಿಂದ ಶುರುವಾದದ್ದರಿಂದ ಇವೆರಡೂ ದೂರದ ಮಾತು ಅನ್ನಿಸುತ್ತದೆ. ಆದರೆ ತೋಟದವರು ಕೇಳುವ ಮೊದಲೇ ನೀವು ಉತ್ತರ ಇಟ್ಟುಕೊಂಡಿರಬೇಕು.

ತಿಂದವರ ವಿಷಯ. ಕೆಲವೇ ಮೈಕ್ರೋಗ್ರಾಂಗೆ ಸತ್ತ ಮೀನಿನ ಮಾಂಸದಲ್ಲಿ ಮನುಷ್ಯನಿಗೆ ತಕ್ಷಣ ಅಪಾಯವಾಗುವಷ್ಟು ವಿಷ ಸೇರಿರುವುದು ಅಪರೂಪ. ತಿಂದ ದಿನ ಅಥವಾ ಮರುದಿನ ವಾಂತಿ, ಜೊಲ್ಲು ಸುರಿಯುವುದು, ವಿಪರೀತ ಬೆವರು, ಕಣ್ಣು ಮಂಜಾಗುವುದು, ಮಾಂಸಖಂಡ ಅದುರುವುದು ಇಂಥದ್ದು ಯಾರಿಗೂ ಆಗದೆ ವಾರಗಳು ಕಳೆದಿದ್ದರೆ ಆ ಒಂದು ಊಟದ ಬಗ್ಗೆ ಈಗ ಕೊರಗಬೇಕಾಗಿಲ್ಲ. ಆದರೆ ಚೆನ್ನಾಗಿ ಕುದಿಸಿದರೆ ವಿಷ ಹೋಗುತ್ತದೆ ಎಂಬ ನಂಬಿಕೆಯನ್ನು ಬಿಟ್ಟುಬಿಡಿ. ಸಾರಿನ ಕುದಿತಕ್ಕೆ ಒಡೆಯದ ಕೀಟನಾಶಕಗಳು ಬೇಕಾದಷ್ಟಿವೆ. ಅದಕ್ಕಿಂತ ಮುಖ್ಯವಾಗಿ, ಯಾವ ವಿಷ ಎಂದೇ ಗೊತ್ತಿಲ್ಲದಿರುವಾಗ ತಿನ್ನುವುದು ಜೂಜು. ಆ ಮೀನು ಸಂತೆಗೆ ಹೋಗಿದ್ದರೆ ಅದು ನಿಮ್ಮ ಸಂಘದ ತಪ್ಪು, ಇದನ್ನು ಮೆತ್ತಗೆ ಹೇಳಲಾರೆ. 2011ರಲ್ಲಿ ನಿಷೇಧವಾದ ಎಂಡೋಸಲ್ಫಾನ್, 1989ರಲ್ಲಿ ಬೇಸಾಯದಿಂದ ಹೊರಬಿದ್ದ ಡಿಡಿಟಿ ಇಂಥವು ಮೀನಿನ ಕೊಬ್ಬಿನಲ್ಲಿ ಉಳಿದು ಕೂಡಿಕೊಳ್ಳುತ್ತಿದ್ದವು. ಈಗಿನವು ಬಹುಪಾಲು ಹಾಗೆ ಕೂಡುವುದಿಲ್ಲ ಎನ್ನುವುದಷ್ಟೇ ಸಮಾಧಾನ.

ಮುಂದೇನು? ದೂರು ಕೊಡುವುದು ಒಂದು ದಾರಿ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಬಹುದು, 1974ರ ಜಲ ಕಾಯ್ದೆ ಬೆನ್ನಿಗಿದೆ. ಆದರೆ ಕೈಯಲ್ಲಿರುವ ಏಕೈಕ ವರದಿ ನಿಮ್ಮ ವಿರುದ್ಧವೇ ಇದೆ. ಸಾಕ್ಷಿಯಿಲ್ಲದೆ ಒಬ್ಬ ರೈತರ ಹೆಸರು ಹಿಡಿದು ಹೋದರೆ ಪ್ರಕರಣವೂ ಬೀಳುತ್ತದೆ, ಊರಿನಲ್ಲಿ ಮುಖವೂ ಮುರಿಯುತ್ತದೆ, ನಾಳೆ ಆ ರೈತರು ತಮ್ಮ ಔಷಧಿಯ ಹೆಸರನ್ನೂ ನಿಮಗೆ ಹೇಳುವುದಿಲ್ಲ. ಯಾರ ಹೆಸರನ್ನೂ ಹಾಕದೆ, ಇಂಥ ದಿನ ಇಂಥ ರೀತಿಯಲ್ಲಿ ಮೀನು ಸತ್ತವು ಎಂದು ಇಲಾಖೆಯಲ್ಲಿ ದಾಖಲೆ ಮಾಡಿಸಿಡುವುದು ನನ್ನ ಸಲಹೆ. ಗುತ್ತಿಗೆಯ ಹಣದ ಮಾತು ಬಂದಾಗ ಅದು ಉಪಯೋಗಕ್ಕೆ ಬರುತ್ತದೆ.

ಎರಡನೆಯ ದಾರಿ ತೋಟದ ಬದುವಿನಲ್ಲಿದೆ. ನನ್ನ ಅನುಭವದಲ್ಲಿ ಗಿಡಕ್ಕೆ ಹೊಡೆದ ಔಷಧಿಗಿಂತ, ಹೊಡೆದಾದ ಮೇಲೆ ಕಾಲುವೆಯ ಹೊಂಡದಲ್ಲಿ ಸ್ಪ್ರೇಯರ್ ತೊಳೆದದ್ದು, ಉಳಿದ ದ್ರಾವಣ ಚೆಲ್ಲಿದ್ದು, ಖಾಲಿ ಬಾಟಲಿ ಅಲ್ಲೇ ಎಸೆದದ್ದು ಹೆಚ್ಚು ಮೀನು ಕೊಂದಿದೆ. ಗಿಡದ ಎಲೆಯ ಮೇಲಿನ ಔಷಧಿ ಒಣಗಿ ಅಂಟಿಕೊಳ್ಳುತ್ತದೆ. ಕಾಲುವೆಯ ಹೊಂಡದಲ್ಲಿ ನಿಂತದ್ದು ಮಳೆ ಬಂದ ಕೂಡಲೇ ಒಂದೇ ಗುಟುಕಾಗಿ ಕೆರೆಗೆ ಇಳಿಯುತ್ತದೆ. ನೀವು ಹೋಗಿ ಆ ಕಾಲುವೆಯ ಉದ್ದಕ್ಕೂ ಒಮ್ಮೆ ನಡೆಯಿರಿ, ತೋಟದವರನ್ನೂ ಕರೆದುಕೊಂಡು. ಎಲ್ಲಿ ಬಾಟಲಿಗಳು ಬಿದ್ದಿವೆಯೋ ಅಲ್ಲಿ ನಿಮ್ಮ ಉತ್ತರವಿದೆ.

ಟೊಮೆಟೊ ಬೆಳೆಗಾರರಿಗೆ ಔಷಧಿ ಹೊಡೆಯಬೇಡಿ ಎಂದು ಹೇಳುವುದು ಸುಲಭ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದನ್ನು ನೋಡಿದವರು, ಅದೇ ಬಾಕ್ಸನ್ನು ಕೇಳುವವರಿಲ್ಲದೆ ರಸ್ತೆ ಬದಿಗೆ ಸುರಿದದ್ದನ್ನೂ ನೋಡಿದವರು, ಒಂದು ಹುಳು ಕಂಡರೆ ಬಾಟಲಿ ಹಿಡಿಯುತ್ತಾರೆ. 2014ರ ಸುಮಾರಿಗೆ ದೇಶಕ್ಕೆ ಬಂದ ಟ್ಯೂಟಾ ಎಂಬ ಎಲೆಸುರಂಗದ ಹುಳು ಅವರ ನಿದ್ದೆ ಕೆಡಿಸಿದೆ. ಅದಕ್ಕೆ ಹೆಣ್ಣು ಪತಂಗದ ವಾಸನೆ ತೋರಿಸಿ ಗಂಡನ್ನು ಸೆಳೆದು ಹಿಡಿಯುವ ಮೋಹಕ ಬಲೆಗಳಿವೆ. ಮೀನಿನ ಮಟ್ಟಿಗೆ ಕ್ಲೋರಾಂಟ್ರಾನಿಲಿಪ್ರೋಲ್‌ನಂಥ ಔಷಧಿ ಪೈರೆಥ್ರಾಯ್ಡ್‌ಗಿಂತ ಎಷ್ಟೋ ಕಡಿಮೆ ಅಪಾಯದ್ದು, ಆದರೆ ದುಬಾರಿ, ಮೇಲಾಗಿ ಮರಿಮೀನಿನ ಆಹಾರವಾದ ನೀರುಚಿಗಟಗಳಿಗೆ ಅದೂ ಒಳ್ಳೆಯದಲ್ಲ. ಬೆಳೆ ಬದಲಿಸಿ, ಔಷಧಿ ಬದಲಿಸಿ ಎನ್ನುವುದಕ್ಕಿಂತ ಮೂರು ಸಣ್ಣ ಒಪ್ಪಂದ ಮಾಡಿಕೊಳ್ಳಿ: ಕಾಲುವೆಯಲ್ಲಿ ಸ್ಪ್ರೇಯರ್ ತೊಳೆಯುವುದು ಬೇಡ, ತೊಳೆದ ನೀರನ್ನು ತೋಟದ ಮಣ್ಣಿಗೇ ಚೆಲ್ಲಲಿ. ಮಳೆಮೋಡ ಕಟ್ಟಿದ ದಿನ ಸಿಂಪಡಣೆ ಬೇಡ, ಮಳೆ ಬಂದರೆ ಅವರ ದುಡ್ಡೂ ಕೊಚ್ಚಿಹೋಗುತ್ತದೆ. ತೋಟಕ್ಕೂ ಕಾಲುವೆಗೂ ನಡುವೆ ನಾಲ್ಕಾರು ಮಾರು ಅಗಲಕ್ಕೆ ಲಾವಂಚವನ್ನೋ ಮೇವಿನ ಹುಲ್ಲನ್ನೋ ಬೆಳೆಸಿ. ಹುಲ್ಲಿನ ಪಟ್ಟಿ ಮಣ್ಣನ್ನು ಹಿಡಿದರೆ ಮಣ್ಣಿಗೆ ಅಂಟಿದ ಪೈರೆಥ್ರಾಯ್ಡ್ ಕೂಡ ಅಲ್ಲೇ ನಿಲ್ಲುತ್ತದೆ. ನೀರಿನಲ್ಲಿ ಕರಗುವ ಔಷಧಿಗಳನ್ನು ಅದು ಅಷ್ಟಾಗಿ ತಡೆಯದು. ಪಟ್ಟಿಗೆ ಜಾಗ ಯಾರು ಬಿಡಬೇಕು ಎಂಬ ಜಗಳ ಖಂಡಿತ ಬರುತ್ತದೆ. ಮೇವಿನ ಹುಲ್ಲಾದರೆ ಸ್ವಲ್ಪ ಬೇಗ ಒಪ್ಪುತ್ತಾರೆ, ಆದರೆ ಔಷಧಿ ಹೊಡೆದ ವಾರ ಆ ಹುಲ್ಲನ್ನು ದನಕ್ಕೆ ಕೊಯ್ಯಬಾರದು.

ನೀರುಗಂಟಿಯ ಮನೆಯಲ್ಲಿ ತೊಳೆದು ಒಣಗಿಸಿದ ನಾಲ್ಕು ಗಾಜಿನ ಬಾಟಲಿ ಇಟ್ಟಿರಿ, ಬಣ್ಣದ ಗಾಜಾದರೆ ಇನ್ನೂ ಒಳ್ಳೆಯದು. ಮುಂದೆ ಯಾವತ್ತಾದರೂ ಮೀನು ತೇಲಿದರೆ ಮೊದಲ ಗಂಟೆಯಲ್ಲೇ ಸಾವು ಶುರುವಾದ ಕಡೆಯಿಂದ ಒಂದು, ಕಾಲುವೆಯಿಂದ ಒಂದು, ಕೆರೆಯ ಆಚೆ ದಡದಿಂದ ಒಂದು ಬಾಟಲಿ ನೀರು ತುಂಬಿಸಿ. ಕತ್ತಿನವರೆಗೆ ತುಂಬಿರಲಿ, ಒಳಗೆ ಗಾಳಿ ಉಳಿಯಬಾರದು. ಕಾಲುವೆ ಸೇರುವ ಜಾಗದ ಮೇಲ್ಮಣ್ಣು ಒಂದು ಬಾಟಲಿ. ಪೂರ್ತಿ ಸತ್ತದ್ದಲ್ಲ, ಆಗಷ್ಟೇ ಒದ್ದಾಡುತ್ತಿರುವ ಮೂರು ನಾಲ್ಕು ಮೀನನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಮಂಜುಗಡ್ಡೆಯಲ್ಲಿಡಿ, ಮಿದುಳಿನ ಕಿಣ್ವ ಪರೀಕ್ಷಿಸಿದರೆ ಆರ್ಗನೋಫಾಸ್ಫೇಟ್ ಹೌದೋ ಅಲ್ಲವೋ ತಿಳಿಯುತ್ತದೆ. ಎಲ್ಲವನ್ನೂ ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಇಲಾಖೆಗೆ ತಲುಪಿಸಿ, ತಾಮಕದ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿದರೆ ಕೀಟನಾಶಕದ ಉಳಿಕೆ ಪರೀಕ್ಷಿಸುವ ಪ್ರಯೋಗಾಲಯದ ದಾರಿ ತೋರಿಸುತ್ತಾರೆ. ಪ್ರಯೋಗಾಲಯಕ್ಕೆ 'ವಿಷ ಇದೆಯೇ ನೋಡಿ' ಎಂದು ಬರೆಯಬೇಡಿ. ಮೇಲಿನ ತೋಟಗಳಲ್ಲಿ ಹೊಡೆದ ಔಷಧಿಗಳ ಹೆಸರನ್ನು ಬರೆದು, ಇವುಗಳನ್ನು ಹುಡುಕಿ ಎಂದು ಬರೆಯಿರಿ. ತೋಟದವರೊಂದಿಗೆ ಮಾತು ಉಳಿದಿರಬೇಕು ಎಂದು ಮೇಲೆ ಹೇಳಿದ್ದು ಇದಕ್ಕೂ ಸೇರಿಸಿಯೇ.

ಕೊನೆಗೆ ಮರಿ ಬಿಡುವ ಪ್ರಶ್ನೆ. ನೀರಿನಲ್ಲಿನ ಪೈರೆಥ್ರಾಯ್ಡ್ ದಿನಗಳಲ್ಲಿ ಕಡಿಮೆಯಾಗುತ್ತದೆ, ಹೂಳಿನಲ್ಲಿ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಉಳಿಯುತ್ತದೆ. ಕೆರೆಗೆ ಹೊಸ ನೀರು ಚೆನ್ನಾಗಿ ಬರುವವರೆಗೆ ಕಾಯುವುದೇ ಕ್ಷೇಮ. ಬಂದ ಮೇಲೂ ಒಮ್ಮೆಗೇ ಸಾವಿರಗಟ್ಟಲೆ ಮರಿ ತರಬೇಡಿ. ಕಾಲುವೆ ಸೇರುವ ಕಡೆ ಒಂದು ಬಲೆಪಂಜರ, ಆಚೆ ದಡದಲ್ಲಿ ಇನ್ನೊಂದು ಕಟ್ಟಿ ತಲಾ ಇಪ್ಪತ್ತು ಮರಿ ಬಿಡಿ. ಮನೆಯಲ್ಲಿ ಒಂದು ದಿನ ತೆರೆದಿಟ್ಟ ಕೊಳವೆಬಾವಿ ನೀರಿನ ತೊಟ್ಟಿಯಲ್ಲೂ ಇಪ್ಪತ್ತು ಇರಲಿ, ಮರಿಗಳೇ ದುರ್ಬಲವಾಗಿದ್ದವೋ ನೀರೇ ಕೆಟ್ಟಿತ್ತೋ ಎಂಬುದು ಆಗಲೇ ತಿಳಿಯುವುದು. ನಾಲ್ಕು ದಿನ ಕಾಯಿರಿ. ಜೊತೆಗೆ ಬೆಳಗಿನ ಹೊತ್ತು ಒಂದು ಲೋಟ ಕೆರೆನೀರನ್ನು ಬೆಳಕಿಗೆ ಹಿಡಿದು ನೋಡಿ. ಚುಕ್ಕೆಗಳಂತೆ ಕುಪ್ಪಳಿಸುವ ನೀರುಚಿಗಟಗಳು ಕಂಡರೆ ಮರಿಗಳಿಗೆ ಊಟವೂ ಸಿದ್ಧವಿದೆ ಎಂದು ಅರ್ಥ. ಅವು ಕಾಣದಿದ್ದರೆ, ಪಂಜರದ ಮರಿಗಳು ಬದುಕಿದ್ದರೂ, ಇನ್ನೊಂದು ಹದಿನೈದು ದಿನ ತಡೆಯಿರಿ.